ಹೆಂಡತಿ ಹೋದಳು, ಗೆಳೆಯ ಸಿಕ್ಕ: ಕೀತ್ ಬ್ಯಾರೆಟ್ ಪೆದ್ದನಾ?

ಪ್ರಶ್ನೆ: ನಮ್ಮ ಮಗಳು ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದಾಳೆ. ಕಳೆದ ವರ್ಷ ನಾವಿಬ್ಬರೂ ಹೋಗಿ ಎರಡು ತಿಂಗಳು ಇದ್ದು ಬಂದೆವು. ಒಂದು ರಾತ್ರಿ ಊಟ ಆದ ಮೇಲೆ ಅವಳು ‘ಮ್ಯಾರಿಯನ್ ಅಂಡ್ ಜೆಫ್’ ಅನ್ನುವ ಹಳೇ ಬ್ರಿಟಿಷ್ ಟಿವಿ ನಾಟಕ ಹಾಕಿದಳು. ಕೀತ್ ಅನ್ನುವ ಒಬ್ಬನೇ ಒಬ್ಬ ಮನುಷ್ಯ ಕಾರಿನಲ್ಲಿ ಕೂತು ಮಾತಾಡುತ್ತಾನೆ, ಅಷ್ಟೇ. ಹೆಂಡತಿ ಮ್ಯಾರಿಯನ್ ಜೆಫ್ ಅನ್ನುವ ಇನ್ನೊಬ್ಬನ ಜೊತೆ ಹೋಗಿದ್ದಾಳೆ. ಇವನಿಗೆ ಕೋಪವೇ ಇಲ್ಲ. ಆ ಇನ್ನೊಬ್ಬನನ್ನೂ ಹೊಗಳುತ್ತಾನೆ! ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ನನ್ನ ಕಣ್ಣಲ್ಲಿ ನೀರು. ನಮ್ಮ ಯಜಮಾನರು ‘ಎಂಥಾ ಪೆದ್ದ ಇವನು’ ಅಂತ ಅರ್ಧಕ್ಕೇ ಎದ್ದು ಹೋಗಿ ಮಲಗಿಬಿಟ್ಟರು. ಇದು ಕಾಮಿಡಿಯಾ, ದುಃಖದ ಕಥೆಯಾ? ಆ ಕೀತ್ ನಿಜಕ್ಕೂ ಪೆದ್ದನಾ, ಇಲ್ಲಾ ದೇವರಂಥ ಮನುಷ್ಯನಾ? ಕಥೆಯೆಲ್ಲ ಅವನದು, ಹೆಸರು ಮಾತ್ರ ಆ ಇಬ್ಬರದ್ದು ಯಾಕೆ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಯಜಮಾನರು ಎದ್ದು ಹೋದರಲ್ಲ, ನನಗೆ ಅದೇ ಜಾಸ್ತಿ ಕುತೂಹಲ. ಈ ನಾಟಕವನ್ನು ನಾನು ನಟನೆ ಕಲಿಯುವ ಹುಡುಗರಿಗೆ, ಅವರ ಮನೆಯವರಿಗೆ ಹಲವು ಸಲ ತೋರಿಸಿದ್ದೇನೆ. ಪ್ರತಿ ಸಲವೂ ಯಾರೋ ಒಬ್ಬರು ಎದ್ದು ಹೋಗುತ್ತಾರೆ. ಹೆಚ್ಚಾಗಿ ಗಂಡಸರು. ಬೇಜಾರಾಗಿ ಎದ್ದು ಹೋಗುವವರ ನಡಿಗೆ ಬೇರೆ, ತಡೆಯಲಾಗದೆ ಎದ್ದು ಹೋಗುವವರ ನಡಿಗೆ ಬೇರೆ. ಇವರದು ಎರಡನೆಯದು. ಒಬ್ಬ ಮನುಷ್ಯ ನಮ್ಮ ಕಣ್ಣೆದುರೇ ತನ್ನ ಮಾನ ತಾನೇ ಕಳೆದುಕೊಳ್ಳುತ್ತಿದ್ದಾನೆ, ಅದೂ ನಗುನಗುತ್ತಾ. ನೋಡುವವರಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೀತ್ ಪೆದ್ದನಲ್ಲ. ಅವನಿಗೆ ಎಲ್ಲ ಗೊತ್ತಿದೆ. ಗೊತ್ತಿರುವುದು ತನ್ನ ಕಿವಿಗೇ ಬೀಳದಿರಲಿ ಅಂತ ಬಿಡುವಿಲ್ಲದೆ ಮಾತಾಡುತ್ತಾನೆ. ಹಾಲು ಉಕ್ಕಿ ಬಂದಾಗ ತಣ್ಣೀರು ಚಿಮುಕಿಸುತ್ತೀರಲ್ಲ, ಅವನ ಒಂದೊಂದು ತಮಾಷೆಯೂ ಹಾಗೆ. ಉಕ್ಕು ಇಳಿಯುತ್ತದೆ, ಒಲೆ ಮಾತ್ರ ಆರುವುದಿಲ್ಲ.

ಈಗ ಸ್ವಲ್ಪ ಹಿನ್ನೆಲೆ. ‘ಮ್ಯಾರಿಯನ್ ಅಂಡ್ ಜೆಫ್’ ಮೊದಲು ಬಂದದ್ದು 2000ರಲ್ಲಿ, ಬಿಬಿಸಿ ಟೂ ಚಾನೆಲ್‌ನಲ್ಲಿ. ಹತ್ತು ಕಂತು, ಕಂತಿಗೆ ಸುಮಾರು ಹತ್ತು ನಿಮಿಷ. ಅಂದರೆ ಇಡೀ ಮೊದಲ ಸರಣಿ ಒಂದು ಸಿನಿಮಾದಷ್ಟೂ ಉದ್ದ ಇಲ್ಲ. ಕೀತ್ ಬ್ಯಾರೆಟ್ ಆಗಿ ನಟಿಸಿದವರು ರಾಬ್ ಬ್ರೈಡನ್. ಬರೆದದ್ದು ಅವರು ಮತ್ತು ಹ್ಯೂಗೋ ಬ್ಲಿಕ್ ಸೇರಿ. ನಿರ್ದೇಶನ ಬ್ಲಿಕ್ ಅವರದ್ದು. ತಯಾರಿಸಿದ್ದು ‘ಬೇಬಿ ಕೌ’ ಕಂಪನಿ. ನಟ ಸ್ಟೀವ್ ಕೂಗನ್ ಮತ್ತು ಹೆನ್ರಿ ನಾರ್ಮಲ್ ಅದರ ಹಿಂದಿನ ವರ್ಷವಷ್ಟೇ ಶುರು ಮಾಡಿದ್ದ ಕಂಪನಿ ಅದು. ದುಡ್ಡು ಕಮ್ಮಿ, ಜನ ಕಮ್ಮಿ. ಒಂದು ಕಾರು, ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ವಿಡಿಯೊ ಕ್ಯಾಮರಾ, ಒಬ್ಬ ನಟ. ಕೈಗೆಟಕುವ ಬೆಲೆಯ ಪುಟ್ಟ ಡಿಜಿಟಲ್ ಕ್ಯಾಮರಾಗಳು ಬಂದ ಕಾಲ ಅದು. ಹತ್ತು ವರ್ಷ ಮೊದಲಾಗಿದ್ದರೆ ಈ ನಾಟಕವನ್ನು ಹೀಗೆ ಮಾಡುವುದು ಸುಲಭ ಇರಲಿಲ್ಲ.

ಬ್ರೈಡನ್ ಆಗ ಹೆಸರಾದ ನಟ ಅಲ್ಲ. ವೇಲ್ಸ್‌ನವರು, 1965ರಲ್ಲಿ ಹುಟ್ಟಿದವರು. ವರ್ಷಗಟ್ಟಲೆ ರೇಡಿಯೊದಲ್ಲಿ ಮಾತಾಡಿದವರು. ಜಾಹೀರಾತುಗಳಿಗೆ ದನಿ ಕೊಟ್ಟವರು. ಟಿವಿಯಲ್ಲಿ ಸಾಮಾನು ಮಾರುವ ಚಾನೆಲ್‌ನಲ್ಲೂ ಕೆಲಸ ಮಾಡಿದ್ದರು. ಇದನ್ನು ಯಾಕೆ ಹೇಳಿದೆ ಅಂದರೆ, ಕೀತ್‌ನ ಮಾತಿನ ವರಸೆ ಅಲ್ಲಿಂದಲೇ ಬಂದಿದೆ ಅಂತ ನನ್ನ ಗುಮಾನಿ. ಸಾಮಾನು ಮಾರುವವನ ಉತ್ಸಾಹ ಕೇಳಿದ್ದೀರಲ್ಲ? ವಸ್ತು ಎಷ್ಟೇ ಕಳಪೆಯಾಗಿರಲಿ, ದನಿ ಮಾತ್ರ ಕುಗ್ಗಬಾರದು. ಕೀತ್ ತನ್ನ ಬದುಕನ್ನೇ ಹಾಗೆ ಮಾರಲು ನೋಡುತ್ತಿದ್ದಾನೆ. ಕೊಳ್ಳಬೇಕಾದವನೂ ಅವನೇ.

ಅವನ ಆ ಪ್ರಸಿದ್ಧ ಮಾತನ್ನು ನೀವೂ ಕೇಳಿರುತ್ತೀರಿ. ಹೆಂಡತಿಯನ್ನು ಕಳೆದುಕೊಂಡೆ ಅಂತ ನನಗೆ ಅನ್ನಿಸುವುದಿಲ್ಲ, ಒಬ್ಬ ಗೆಳೆಯ ಸಿಕ್ಕಿದ ಅನ್ನಿಸುತ್ತದೆ. ಮ್ಯಾರಿಯನ್ ನನ್ನನ್ನು ಬಿಟ್ಟು ಹೋಗದಿದ್ದರೆ ನನಗೆ ಜೆಫ್‌ನ ಪರಿಚಯ ಆಗುತ್ತಲೇ ಇರಲಿಲ್ಲ. ಇದು ಅವನ ಮಾತಿನ ಸಾರ. ನಿಮ್ಮ ಮಗಳು ನಕ್ಕಿದ್ದು ಬಹುಶಃ ಇಲ್ಲೇ.

ಇಂಗ್ಲಿಷ್ ಮಂದಿಗೆ ಇದು ಇನ್ನೂ ಚುಚ್ಚುತ್ತದೆ. ಅದಕ್ಕೊಂದು ಕಾರಣ ಇದೆ. ಅಲ್ಲಿ ಮದುವೆಯ ದಿನ ಹೆಣ್ಣಿನ ಅಪ್ಪ ಹೇಳುವ ಒಂದು ಸವಕಲು ಮಾತಿದೆ: ಮಗಳನ್ನು ಕಳೆದುಕೊಳ್ಳುತ್ತಿಲ್ಲ, ಮಗನನ್ನು ಪಡೆಯುತ್ತಿದ್ದೇನೆ. ನಮ್ಮಲ್ಲೂ ಬೀಗರ ಎದುರು ‘ಅಳಿಯ ಅಲ್ಲ, ನಮಗೆ ಮಗನೇ’ ಅನ್ನುತ್ತಾರಲ್ಲ, ಅದೇ ಧಾಟಿ. ಕೀತ್ ಮಾಡಿದ್ದೇನು? ಮದುವೆ ಮನೆಯ ಮಾತನ್ನು ತೆಗೆದುಕೊಂಡು ಬಂದು ಮದುವೆ ಮುರಿದ ಜಾಗದಲ್ಲಿ ಇಟ್ಟ. ಹೆಂಡತಿಯನ್ನು ಬೇರೊಬ್ಬನಿಗೆ ಧಾರೆ ಎರೆದು ಕೊಡುವ ಅಪ್ಪನ ಜಾಗದಲ್ಲಿ ತಾನೇ ನಿಂತ. ಅವನಿಗೆ ಅದು ಹೊಳೆದಿಲ್ಲ. ಕೇಳುವವರಿಗೆ ಹೊಳೆಯುತ್ತದೆ. ಒಂದೇ ವಾಕ್ಯ. ಅದರಲ್ಲಿ ಅವನ ಒಳ್ಳೆಯತನವೂ ಇದೆ, ಅವನ ಸೋಲೂ ಇದೆ, ನಮ್ಮ ನಗುವೂ ಇದೆ. ಇಂಥ ವಾಕ್ಯ ಬರೆಯುವುದು ಕಷ್ಟ. ಬರೆದ ಮೇಲೆ ಅದನ್ನು ಸುಮ್ನೆ, ಏನೂ ವಿಶೇಷ ಇಲ್ಲ ಅನ್ನುವ ಹಾಗೆ ಹೇಳಿ ಮುಗಿಸುವುದು ಅದಕ್ಕಿಂತ ಕಷ್ಟ.

ಆಡುವವನಿಗಿಂತ ಕೇಳುವವನಿಗೆ ಜಾಸ್ತಿ ಗೊತ್ತಾಗುವ ಈ ಕಲೆ ಇಂಗ್ಲಿಷಿನಲ್ಲಿ ಹಳೆಯದು. ಕಾಲೇಜಿನಲ್ಲಿ ಇಂಗ್ಲಿಷ್ ಐಚ್ಛಿಕ ಓದಿದವರಿಗೆ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಆ ಡ್ಯೂಕ್‌ನ ಪದ್ಯ ನೆನಪಿರಬಹುದು. ತೀರಿಹೋದ ಹೆಂಡತಿಯ ಚಿತ್ರ ತೋರಿಸುತ್ತಾ ಮಾತಾಡುತ್ತಾನೆ, ತಾನು ಎಂಥ ಕ್ರೂರಿ ಅನ್ನುವುದನ್ನು ತನಗೇ ತಿಳಿಯದೆ ಬಿಟ್ಟುಕೊಡುತ್ತಾನೆ. ಟಿವಿಯಲ್ಲಿ ಇದೇ ರೀತಿಯನ್ನು ಎತ್ತರಕ್ಕೆ ಒಯ್ದವರು ನಾಟಕಕಾರ ಅಲನ್ ಬೆನೆಟ್. ಅವರ ‘ಟಾಕಿಂಗ್ ಹೆಡ್ಸ್’ 1988ರಲ್ಲಿ ಬಂತು. ಆರು ಜನ, ಆರು ಕಥೆ, ಒಬ್ಬೊಬ್ಬರೇ ಕ್ಯಾಮರಾ ಎದುರು ಕೂತು ಮಾತಾಡುತ್ತಾರೆ. ಕೀತ್ ಆ ಮನೆತನದವನೇ. ಆದರೆ ಡ್ಯೂಕ್ ತನ್ನ ಕೆಟ್ಟತನವನ್ನು ಬಿಟ್ಟುಕೊಡುತ್ತಾನೆ, ಕೀತ್ ಬಿಟ್ಟುಕೊಡುವುದು ತನ್ನ ನೋವನ್ನು.

ಕಾಮಿಡಿಯಾ ಅಂತ ಕೇಳಿದಿರಿ. ಬ್ರಿಟಿಷ್ ಟಿವಿ ಕಾಮಿಡಿಯಲ್ಲಿ ಒಂದು ಮಾದರಿಯ ಮನುಷ್ಯ ಮತ್ತೆ ಮತ್ತೆ ಬರುತ್ತಾನೆ. ತನ್ನ ಬಗ್ಗೆ ತನಗೇ ಭ್ರಮೆ ಇರುವವನು. ‘ಡ್ಯಾಡ್ಸ್ ಆರ್ಮಿ’ಯ ಕ್ಯಾಪ್ಟನ್ ಮೇನ್‌ವೇರಿಂಗ್, ‘ಫಾಲ್ಟಿ ಟವರ್ಸ್’ನ ಬೇಸಿಲ್, ಸ್ಟೀವ್ ಕೂಗನ್ ಮಾಡಿದ ಅಲನ್ ಪಾರ್ಟ್ರಿಜ್, 2001ರಲ್ಲಿ ‘ದಿ ಆಫೀಸ್’ ಜೊತೆ ಬಂದ ಡೇವಿಡ್ ಬ್ರೆಂಟ್. ಎಲ್ಲರೂ ತಾವು ದೊಡ್ಡವರು ಅಂದುಕೊಂಡಿದ್ದಾರೆ. ಅವರು ಬಿದ್ದಾಗ ನಾವು ನಿರಾಳವಾಗಿ ನಗಬಹುದು. ಸೊಕ್ಕು ಇಳಿಯಿತು, ಸರಿಯಾಯಿತು ಅನ್ನಿಸುತ್ತದೆ.

ಕೀತ್‌ಗೆ ತನ್ನ ಬಗ್ಗೆ ಯಾವ ದೊಡ್ಡ ಭ್ರಮೆಯೂ ಇಲ್ಲ. ಅವನ ಭ್ರಮೆಯೆಲ್ಲ ಬೇರೆಯವರ ಬಗ್ಗೆ. ಮ್ಯಾರಿಯನ್ ಒಳ್ಳೆಯವಳು. ಜೆಫ್ ಒಳ್ಳೆಯವನು. ಅವರು ತನ್ನನ್ನು ದೂರ ಇಟ್ಟರೆ ಅದಕ್ಕೂ ಏನೋ ಒಳ್ಳೆಯ ಕಾರಣ ಇದ್ದೇ ಇರುತ್ತದೆ. ನಗಲು ನಮಗೆ ಸೊಕ್ಕು ಸಿಗುವುದಿಲ್ಲ. ಒಳ್ಳೆಯತನವನ್ನು ನೋಡಿ ನಗಬೇಕಾಗುತ್ತದೆ. ನಕ್ಕ ಮೇಲೆ ಬಾಯಿ ಕಹಿ. ನಿಮ್ಮ ಮಗಳು ನಕ್ಕಿದ್ದು, ನೀವು ಅತ್ತಿದ್ದು ಒಂದೇ ಜಾಗದಲ್ಲಿ ಅಂತ ನಾನು ಬೇಕಾದರೆ ಪಂದ್ಯ ಕಟ್ಟುತ್ತೇನೆ. ಹಿಂದಿನಿಂದ ನಗುವಿನ ದನಿ ಕೇಳಿಸುವ ಏರ್ಪಾಡು ಇದರಲ್ಲಿ ಇಲ್ಲ, ಗಮನಿಸಿದಿರಾ? ಎಲ್ಲಿ ನಗಬೇಕು ಅಂತ ಹೇಳಿಕೊಡುವವರು ಯಾರೂ ಇಲ್ಲ. ಅದಕ್ಕೇ ಒಂದೇ ಸೋಫಾದ ಮೇಲೆ ಮೂರು ಜನ ಮೂರು ಥರ ನೋಡಿದಿರಿ.

ಈಗ ಹೆಸರಿನ ವಿಷಯ. ‘ಮ್ಯಾರಿಯನ್ ಅಂಡ್ ಜೆಫ್’ ಅಂತ ಇಬ್ಬರ ಹೆಸರಿಟ್ಟು, ಕಾರಿನ ಕಂತುಗಳಲ್ಲಿ ಆ ಇಬ್ಬರನ್ನೂ ತೋರಿಸದೇ ಇರುವುದು ಬರೀ ಚಮತ್ಕಾರ ಅಲ್ಲ. ಕೀತ್‌ನ ತಲೆಯೊಳಗೆ ಏನು ಓಡುತ್ತಿದೆಯೋ ಅದೇ ಹೆಸರಾಗಿದೆ. ಅವನ ಸ್ವಂತ ಕಥೆಗೇ ಅವನು ನಾಯಕನಲ್ಲ. ಮದುವೆಯ ಕರೆಯೋಲೆಯಲ್ಲಿ ಜೋಡಿ ಹೆಸರು ಅಚ್ಚಾಗುತ್ತದಲ್ಲ, ಶೀರ್ಷಿಕೆ ಹಾಗೇ ಕಾಣುತ್ತದೆ. ಅವನ ಜಾಗ ಆ ಕಾಗದದ ಹೊರಗೆ. ಇನ್ನೊಂದು ಸಣ್ಣ ವಿಷಯ. ಅವನ ಗಂಡುಮಕ್ಕಳ ಹೆಸರು ರೀಸ್ ಮತ್ತು ಆಲಿನ್. ಎರಡೂ ವೇಲ್ಸ್‌ನ ಹೆಸರುಗಳು. ಆ ಮನೆಯಲ್ಲಿ ಈಗ ಕೀತ್ ಇಲ್ಲ, ಆದರೆ ಮಕ್ಕಳನ್ನು ಊಟಕ್ಕೆ ಕರೆದಾಗೆಲ್ಲ ಅವನ ಊರಿನ ದನಿ ಆ ಮನೆಯಲ್ಲಿ ಕೇಳಿಸುತ್ತದೆ. ಅವನು ಅವರನ್ನು ‘ಪುಟ್ಟ ಸ್ಮ್ಯಾಷರ್‌ಗಳು’ ಅನ್ನುತ್ತಾನೆ. ನಾವು ‘ನನ್ನ ಬಂಗಾರಗಳು’ ಅಂದ ಹಾಗೆ. ಸ್ವಲ್ಪ ಹಳೇ ಕಾಲದ ಮಾತು ಅದು. ಈಗಿನ ಹುಡುಗರು ಕೇಳಿದರೆ ನಾಚಿಕೊಳ್ಳುತ್ತಾರೆ.

ಕಾರು ಯಾಕೆ ಅಂತ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಇದರಲ್ಲಿ ಅರ್ಧ ನಾಟಕ ಅಡಗಿದೆ.

ಕೀತ್ ಮಿನಿಕ್ಯಾಬ್ ಓಡಿಸುತ್ತಾನೆ. ನೀವು ಲಂಡನ್ ನೋಡಿಕೊಂಡು ಬಂದಿದ್ದರೆ ಅಲ್ಲಿನ ಕಪ್ಪು ಟ್ಯಾಕ್ಸಿ ನೋಡಿರುತ್ತೀರಿ. ಅದರ ಚಾಲಕನಿಗೆ ಭಾರೀ ಮರ್ಯಾದೆ. ‘ನಾಲೆಡ್ಜ್’ ಅನ್ನುವ ಪರೀಕ್ಷೆ ಪಾಸಾಗಬೇಕು. ಲಂಡನ್ ನಡುಮಧ್ಯದ ಚೇರಿಂಗ್ ಕ್ರಾಸ್‌ನಿಂದ ಸುತ್ತಲೂ ಆರು ಮೈಲಿ ದೂರದ ಒಳಗಿನ ಸುಮಾರು 25,000 ರಸ್ತೆಗಳು ಬಾಯಿಪಾಠ ಇರಬೇಕು. ಮೂರು ನಾಲ್ಕು ವರ್ಷ ಓದುತ್ತಾರೆ. ಮಿನಿಕ್ಯಾಬ್ ಅದಲ್ಲ. ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸುವ ಹಾಗಿಲ್ಲ, ಮೊದಲೇ ಬುಕ್ ಮಾಡಬೇಕು. ಲಂಡನ್‌ನಲ್ಲಂತೂ 1998ರ ಕಾಯ್ದೆ ಬರುವ ತನಕ ಮಿನಿಕ್ಯಾಬ್‌ಗಳಿಗೆ ಲೈಸೆನ್ಸ್ ವ್ಯವಸ್ಥೆಯೇ ಇರಲಿಲ್ಲ. ಕಾಯ್ದೆ ಬಂದ ಮೇಲೂ ಚಾಲಕರ ಕೈಗೆ ಲೈಸೆನ್ಸ್ ಸಿಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಂದರೆ 2000ದ ಹೊತ್ತಿಗೆ ಮಿನಿಕ್ಯಾಬ್ ಅನ್ನುವುದು ಬೇರೆ ದಾರಿ ಸಿಗದವರು ಸದ್ಯಕ್ಕೆ ಅಂತ ಹಿಡಿಯುವ ಕೆಲಸ. ಆ ಕೆಲಸದ ಮುಖ್ಯ ಭಾಗ ಓಡಿಸುವುದಲ್ಲ, ಕಾಯುವುದು. ಯಾರೋ ಕರೆಯಲಿ ಅಂತ ಕಾಯುವುದು. ಕೀತ್‌ಗೆ ಅದು ಚೆನ್ನಾಗಿ ಅಭ್ಯಾಸ ಆಗಿದೆ.

ಇನ್ನೊಂದು ಕಡೆ, ಬೇರೆಯಾದ ಅಪ್ಪಂದಿರಿಗೆ ಕಾರೇ ಮನೆ. ಬ್ರಿಟನ್ನಿನಲ್ಲಿ 1989ರ ಮಕ್ಕಳ ಕಾಯ್ದೆ ಬಂದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಗು ಯಾರ ‘ಸುಪರ್ದಿ’ಗೆ ಅನ್ನುವ ಹಳೇ ಮಾತನ್ನು ಕೈಬಿಟ್ಟರು. ಬದಲಿಗೆ ಎರಡು ಪದ ತಂದರು, 2014ರ ತನಕ ಅವೇ ನಡೆದವು. ಮಗು ಯಾರ ಜೊತೆ ಇರುತ್ತದೋ ಅದು ‘ವಾಸ’. ಇನ್ನೊಬ್ಬರಿಗೆ ಸಿಗುವುದು ‘ಸಂಪರ್ಕ’. ಪದವೇನೋ ಮೃದುವಾಯಿತು. ಆದರೆ ಸಂಪರ್ಕ ಅಂದರೆ ಏನು? ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹಳೇ ಹೆಂಡತಿಯ ಮನೆ ಮುಂದೆ ಕಾರು ನಿಲ್ಲಿಸು, ಹಾರ್ನ್ ಮಾಡಬೇಡ, ಮಕ್ಕಳು ಬರುವ ತನಕ ಕಾದಿರು, ಸಂಜೆ ವಾಪಸ್ ತಂದು ಬಿಡು. ಬಾಡಿಗೆ ಕೋಣೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಸಂಕೋಚ. ಹೊರಗೆ ಮಳೆ. ಅಪ್ಪ ಮಕ್ಕಳ ಮಾತೆಲ್ಲ ಕಾರಿನೊಳಗೇ. ಈ ಅಪ್ಪಂದಿರ ಸಿಟ್ಟು ಆ ದೇಶದಲ್ಲಿ ಆಮೇಲೆ ಬೀದಿಗೂ ಬಂತು. 2004ರ ಸೆಪ್ಟೆಂಬರ್‌ನಲ್ಲಿ ಒಬ್ಬ ಅಪ್ಪ ಬ್ಯಾಟ್‌ಮನ್ ವೇಷ ಹಾಕಿಕೊಂಡು ಬಕಿಂಗ್‌ಹ್ಯಾಮ್ ಅರಮನೆಯ ಗೋಡೆಯ ಅಂಚಿನ ಮೇಲೆ ಹೋಗಿ ನಿಂತಿದ್ದ, ಮಕ್ಕಳನ್ನು ನೋಡುವ ಹಕ್ಕು ಬೇಕು ಅಂತ. (ಬ್ಯಾಟ್‌ಮನ್ ಅಂದಾಗ ನೆನಪಾಯಿತು. ನಮ್ಮ ಹ್ಯೂಗೋ ಬ್ಲಿಕ್ ಮೊದಲು ನಟ. 1989ರ ‘ಬ್ಯಾಟ್‌ಮನ್’ ಚಿತ್ರದಲ್ಲಿ ಜೋಕರ್‌ನ ಹರೆಯದ ದಿನಗಳ ಪಾತ್ರ ಮಾಡಿದ್ದು ಅವರೇ. ಇದಕ್ಕೂ ನಮ್ಮ ವಿಷಯಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.) ಕೀತ್ ಅರಮನೆ ಹತ್ತುವವನಲ್ಲ. ಅವನು ಕಾರಿನಲ್ಲೇ ಕೂತಿರುತ್ತಾನೆ, ಕಿಟಕಿ ಏರಿಸಿಕೊಂಡು.

ಕಾರಿಗೆ ಮೂರನೇ ಉಪಯೋಗವೂ ಇದೆ. ಇದು ನಟನೆಯ ಗುಟ್ಟು. ಮನೆಯ ಕುರ್ಚಿಯಲ್ಲಿ ಕೂತು ಕ್ಯಾಮರಾ ನೋಡಿ ಮಾತಾಡುವವನು ಕಣ್ಣು ತಪ್ಪಿಸಿದರೆ ನಮಗೆ ತಕ್ಷಣ ಅನುಮಾನ ಬರುತ್ತದೆ. ಕಾರು ಓಡಿಸುವವನು ಕಣ್ಣು ತಪ್ಪಿಸಲೇಬೇಕು. ರಸ್ತೆ ನೋಡಬೇಕಲ್ವಾ? ಕೀತ್ ತಮಾಷೆ ಹೇಳಿ ಮುಗಿಸುತ್ತಾನೆ, ಕ್ಯಾಮರಾ ಕಡೆ ನಕ್ಕು, ಆಮೇಲೆ ರಸ್ತೆ ಕಡೆ ತಿರುಗುತ್ತಾನೆ. ಆ ತಿರುಗಿದ ಒಂದೆರಡು ಸೆಕೆಂಡ್‌ಗಳಲ್ಲಿ ನಗು ಮುಖದಿಂದ ಜಾರುತ್ತದೆ. ನನಗೆ ಗೊತ್ತಿದೆ ಅಂತ ಆ ಮುಖ ಹೇಳುತ್ತದೆ. ಮತ್ತೆ ನಮ್ಮ ಕಡೆ ತಿರುಗುವಷ್ಟರಲ್ಲಿ ನಗು ವಾಪಸ್ ಬಂದಿರುತ್ತದೆ. ಅವನು ಪೆದ್ದನಲ್ಲ ಅಂದೆನಲ್ಲ, ನನ್ನ ಸಾಕ್ಷಿ ಇದೇ.

ಹಾಗಾದರೆ ದೇವರಂಥ ಮನುಷ್ಯನಾ? ಇಲ್ಲಿ ನಾನು ಅರ್ಧ ನಿಮ್ಮ ಯಜಮಾನರ ಕಡೆ. ಕೀತ್‌ನ ಒಳ್ಳೆಯತನದಲ್ಲಿ ಒಂದು ಹಟ ಇದೆ. ಕೋಪ ಮಾಡಿಕೊಂಡರೆ ಆ ಮನೆಯ ಬಾಗಿಲು ಪೂರ್ತಿ ಮುಚ್ಚುತ್ತದೆ. ಜೆಫ್‌ನನ್ನು ಗೆಳೆಯ ಅಂದುಕೊಂಡರೆ ಬಾಗಿಲು ಒಂದು ಬೆರಳಷ್ಟಾದರೂ ತೆರೆದಿರುತ್ತದೆ. ಅವನು ಕ್ಷಮಿಸಿಲ್ಲ. ಕ್ಷಮಿಸಬೇಕಾದರೆ ಮೊದಲು ತಪ್ಪು ನಡೆದಿದೆ ಅಂತ ಒಪ್ಪಬೇಕು. ಅವನು ಆ ಮೊದಲ ಹೆಜ್ಜೆಯನ್ನೇ ಇಟ್ಟಿಲ್ಲ. ಸಜ್ಜನ ಅನ್ನಿಸಿಕೊಂಡವರು ಎಷ್ಟೋ ಮನೆಗಳಲ್ಲಿ ಹೀಗೆ ಬದುಕಿಬಿಡುತ್ತಾರೆ. ಆದರೆ ಪಕ್ಕದಲ್ಲಿ ಇರುವವರಿಗೆ ಇದು ಹಿಂಸೆ. ನಾನು ಕೆಲವೊಮ್ಮೆ ಯೋಚಿಸುತ್ತೇನೆ, ಮ್ಯಾರಿಯನ್‌ಗೆ ಎಷ್ಟು ಒಂಟಿತನ ಆಗಿರಬೇಕು ಅಂತ. ಜಗಳಕ್ಕೂ ಸಿಗದ ಗಂಡ. ಏನು ಹೇಳಿದರೂ ‘ಪರವಾಗಿಲ್ಲ, ನೀನು ಹೇಳುವುದೂ ಸರಿಯೇ’ ಅನ್ನುವ ಗಂಡ. ಅವಳ ಕಡೆಯ ಕಥೆಯನ್ನು ನಾಟಕ ಹೇಳುವುದಿಲ್ಲ. ಆದರೆ ಕೀತ್‌ನ ಮಾತಿನ ಸಂದಿಗಳಲ್ಲಿ ಅವಳೂ ಇಣುಕುತ್ತಾಳೆ. ಎರಡನೇ ಸಲ ನೋಡಿದಾಗ ನನಗೆ ಅವಳ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಆ ಕಾಲದ ವಿಚ್ಛೇದನದ ಕಾನೂನು ಗೊತ್ತಿದ್ದರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಗ ನಡೆಯುತ್ತಿದ್ದದ್ದು 1973ರ ಕಾಯ್ದೆ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಅಂತ ತೋರಿಸಬೇಕು. ತೋರಿಸಲು ಐದು ದಾರಿ. ಸಂಗಾತಿ ಬೇರೆಯವರ ಜೊತೆ ಸಂಬಂಧ ಇಟ್ಟುಕೊಂಡಿದ್ದಾರೆ, ಇಲ್ಲವೇ ಅವರ ನಡವಳಿಕೆ ಸಹಿಸಲು ಆಗದಂಥದ್ದು, ಇಲ್ಲವೇ ಬಿಟ್ಟು ಹೋಗಿ ಎರಡು ವರ್ಷ ಆಗಿದೆ. ಇಬ್ಬರೂ ಒಪ್ಪಿದರೆ ಎರಡು ವರ್ಷ ಬೇರೆ ಇದ್ದಿರಬೇಕು, ಒಬ್ಬರು ಒಪ್ಪದಿದ್ದರೆ ಐದು ವರ್ಷ. ತಾನು ಮಾಡಿದ ತಪ್ಪನ್ನು ತಾನೇ ಕಾರಣವಾಗಿ ತೋರಿಸಿ ಅರ್ಜಿ ಹಾಕುವ ಹಾಗಿರಲಿಲ್ಲ. ಬೇಗ ಬಿಡುಗಡೆ ಬೇಕೆಂದರೆ ಯಾರಾದರೂ ಒಬ್ಬರು ಇನ್ನೊಬ್ಬರ ತಪ್ಪನ್ನು ಕಾಗದದ ಮೇಲೆ ಬರೆಯಲೇಬೇಕಿತ್ತು. ಈ ಪದ್ಧತಿ ಹೋಗಿದ್ದು ತೀರಾ ಇತ್ತೀಚೆಗೆ, 2022ರ ಏಪ್ರಿಲ್ 6ರಂದು. ಈಗ ಯಾರ ಮೇಲೂ ತಪ್ಪು ಹೊರಿಸದೆ ಅರ್ಜಿ ಹಾಕಬಹುದು. ನಾಟಕ ಈ ಕಾನೂನಿನ ಪಾಠವನ್ನೆಲ್ಲ ಮಾಡುವುದಿಲ್ಲ. ಆದರೆ ಯಾರದು ತಪ್ಪು ಬರೆದುಕೊಡಿ ಅಂತ ಕಾನೂನೇ ಕೇಳುತ್ತಿದ್ದ ದೇಶದಲ್ಲಿ, ಯಾರದೂ ತಪ್ಪಿಲ್ಲ ಅಂತ ಹತ್ತು ಕಂತು ಮಾತಾಡುವ ಒಬ್ಬ ಮನುಷ್ಯನನ್ನು ಇವರು ಸೃಷ್ಟಿಸಿದರು. ಅಲ್ಲಿನ ನೋಡುಗರಿಗೆ ಅದು ವಿಚಿತ್ರವಾಗಿಯೂ ಕಂಡಿರಬೇಕು, ಹೊಟ್ಟೆ ಉರಿಸುವಂತೆಯೂ ಕಂಡಿರಬೇಕು.

ನಿಮ್ಮ ಮಗಳು ‘ಎ ಸ್ಮಾಲ್ ಸಮ್ಮರ್ ಪಾರ್ಟಿ’ ತೋರಿಸಿದಳಾ? ನಿಮ್ಮ ಪತ್ರ ನೋಡಿದರೆ ಇಲ್ಲ ಅನ್ನಿಸುತ್ತದೆ. ಅದು 2001ರಲ್ಲಿ ಬಂದ ವಿಶೇಷ ಕಂತು, ಉಳಿದವುಗಳಿಗಿಂತ ಉದ್ದ. ಕಥೆ ಹಿಂದಕ್ಕೆ ಹೋಗುತ್ತದೆ. ಕೀತ್ ಮತ್ತು ಮ್ಯಾರಿಯನ್ ಇನ್ನೂ ಒಂದೇ ಮನೆಯಲ್ಲಿದ್ದಾರೆ, ಮನೆಯ ಹಿತ್ತಲಲ್ಲಿ ಬೇಸಿಗೆಯ ಪಾರ್ಟಿ. ಮದುವೆ ಮುರಿದ ದಿನ ಅದು. ಇಲ್ಲಿ ಮಾತ್ರ ನಮಗೆ ಮ್ಯಾರಿಯನ್ ಮತ್ತು ಜೆಫ್ ಕಾಣುತ್ತಾರೆ. ಮ್ಯಾರಿಯನ್ ಆಗಿ ಟ್ರೇಸಿ ಆ್ಯನ್ ಓಬರ್‌ಮನ್, ಜೆಫ್ ಆಗಿ ಸ್ಟೀವ್ ಕೂಗನ್.

ಇದನ್ನು ನೋಡಬೇಕಾ ಬೇಡವಾ ಅನ್ನುವುದು ನೋಡಿದವರ ನಡುವೆ ದೊಡ್ಡ ಜಗಳ. ಕಾಣದ ಜೆಫ್‌ನೇ ಚೆನ್ನಾಗಿದ್ದ ಅನ್ನುವವರಿದ್ದಾರೆ. ಕಲ್ಪನೆಯಲ್ಲಿ ಒಬ್ಬೊಬ್ಬರ ಜೆಫ್ ಒಂದೊಂದು ಥರ ಇರುತ್ತಾನೆ, ಮುಖ ಕಂಡ ಮೇಲೆ ಅವನು ಬರೀ ಒಬ್ಬ ನಟ. ಮೊದಮೊದಲು ನಾನೂ ಇದೇ ಪಕ್ಷ. ಈಗ ಅಲ್ಲ. ಕಾರಿನ ಕಂತುಗಳಲ್ಲಿ ಕೀತ್ ಹೇಳಿದ್ದನ್ನು ಮಾತ್ರ ಕೇಳಿರುತ್ತೇವೆ. ಪಾರ್ಟಿಯಲ್ಲಿ ಅವನು ಆತಿಥ್ಯ ಮಾಡುವುದನ್ನು, ಎಲ್ಲರನ್ನೂ ಖುಷಿಯಾಗಿಡಲು ಒದ್ದಾಡುವುದನ್ನು ನೋಡುತ್ತೇವೆ. ಹೆಂಡತಿ ಹೋದ ಮೇಲೆ ಶುರುವಾದ ನಾಟಕ ಇದಲ್ಲ ಅಂತ ಆಗ ತಿಳಿಯುತ್ತದೆ. ಅವನು ಮೊದಲಿನಿಂದಲೂ ಹೀಗೇ. 2000ದ ಸರಣಿಯನ್ನು ಪೂರ್ತಿ ನೋಡಿ, ಒಂದು ವಾರ ಬಿಟ್ಟು ಇದನ್ನು ನೋಡಿ. ಮೊದಲೇ ನೋಡಬೇಡಿ.

2003ರಲ್ಲಿ ಎರಡನೇ ಸರಣಿ ಬಂತು. ಕಂತುಗಳು ಅರ್ಧ ಗಂಟೆಯಾದವು. ಕೀತ್ ಈಗ ಒಂದು ಶ್ರೀಮಂತ ಅಮೆರಿಕನ್ ಕುಟುಂಬದ ಕಾರು ಚಾಲಕ. ಒಳ್ಳೆಯ ಕ್ಷಣಗಳು ಇವೆ, ಆದರೆ ನನಗೆ ಮೊದಲಿನ ಹತ್ತು ನಿಮಿಷದ ಅಳತೆಯೇ ಸರಿ. ಇಂಥ ಮನುಷ್ಯನ ಜೊತೆ ಕಾರಿನಲ್ಲಿ ಹತ್ತು ನಿಮಿಷ ಕೂರಬಹುದು. ಅರ್ಧ ಗಂಟೆ ಅಂದರೆ ಇಳಿದು ಬಸ್ಸಿಗೆ ಹೋಗೋಣ ಅನ್ನಿಸುತ್ತದೆ. ಆಮೇಲೆ ಬ್ರೈಡನ್ ಇದೇ ಕೀತ್ ವೇಷದಲ್ಲಿ ಹೆಸರಾಂತ ಜೋಡಿಗಳನ್ನು ಸಂದರ್ಶನ ಮಾಡುವ ಕಾರ್ಯಕ್ರಮವನ್ನೂ ನಡೆಸಿದರು. ಅದು ಬರೀ ಮೋಜು, ಬಿಟ್ಟರೂ ನಷ್ಟ ಇಲ್ಲ. ಈಗ ಬ್ರಿಟನ್ನಿನಲ್ಲಿ ಅವರನ್ನು ಹೆಚ್ಚು ಜನ ಗುರುತಿಸುವುದು ‘ಗ್ಯಾವಿನ್ ಅಂಡ್ ಸ್ಟೇಸಿ’ಯ ಅಂಕಲ್ ಬ್ರಿನ್ ಆಗಿ. ಕಾರ್ಡಿಫ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ಪಾತ್ರದ ಹೆಸರು ಹೇಳಿದರೆ ಮುಖ ಅರಳುತ್ತದೆ. ಬ್ಲಿಕ್ ಪೂರ್ತಿ ಬೇರೆ ದಾರಿ ಹಿಡಿದರು. ‘ದಿ ಶ್ಯಾಡೋ ಲೈನ್’, ‘ದಿ ಆನರಬಲ್ ವುಮನ್’ ಥರದ ಗಂಭೀರ ಥ್ರಿಲ್ಲರ್‌ಗಳನ್ನು ಬರೆದು ನಿರ್ದೇಶಿಸಿದರು. ಅಲ್ಲೂ ಜನ ಮುಖ್ಯವಾದದ್ದನ್ನು ಹೇಳದೇ ಬಿಡುತ್ತಾರೆ. ಅಭ್ಯಾಸ ಹೋಗಿಲ್ಲ.

ಇದು ಇಷ್ಟ ಆದವರು ಮುಂದೆ ಏನು ನೋಡಬಹುದು ಅಂತ ಕೇಳುತ್ತಾರೆ. ನಿಮಗೆ ಮೊದಲು ‘ಹ್ಯೂಮನ್ ರಿಮೇನ್ಸ್’ ಹೇಳುತ್ತೇನೆ. ಇದೂ 2000ದ್ದೇ, ಬ್ರೈಡನ್ ಮತ್ತು ಜೂಲಿಯಾ ಡೇವಿಸ್ ಬರೆದು ನಟಿಸಿದ್ದು. ಆರು ಕಂತು, ಕಂತಿಗೆ ಒಂದು ಜೋಡಿ, ಎಲ್ಲವನ್ನೂ ಅವರಿಬ್ಬರೇ ಮಾಡಿದ್ದಾರೆ. ಸ್ವಲ್ಪ ಕ್ರೂರ ಹಾಸ್ಯ, ಕೆಲವು ಕಡೆ ಮುಜುಗರ. ಮಗಳ ಜೊತೆ ಕೂತು ನೋಡುವುದು ಬೇಡ. ಗಂಡ ಹೆಂಡತಿ ಇಬ್ಬರೇ ನೋಡುವಂಥದ್ದು ಬೇಕಾದರೆ 2019ರ ‘ಸ್ಟೇಟ್ ಆಫ್ ದಿ ಯೂನಿಯನ್’ ಇದೆ. ಇದೂ ಹತ್ತು ನಿಮಿಷದ ಹತ್ತು ಕಂತು. ಒಂದು ಜೋಡಿ ಪ್ರತಿ ವಾರ ಆಪ್ತ ಸಲಹೆಗೆ ಹೋಗುವ ಮೊದಲು ಎದುರಿನ ಪಬ್‌ನಲ್ಲಿ ಸೇರುತ್ತಾರೆ. ಒಳಗೆ ಏನು ಹೇಳಬೇಕು, ಏನು ಹೇಳಬಾರದು ಅಂತ ಅಲ್ಲೇ ಚೌಕಾಸಿ. ಸಲಹೆಯ ಕೋಣೆಯ ಒಳಗೆ ಕ್ಯಾಮರಾ ಹೋಗುವುದೇ ಇಲ್ಲ.

ತೀರಾ ಹಳೆಯದು, ಆದರೆ ಎಲ್ಲಕ್ಕಿಂತ ಆಳವಾದದ್ದು ಬೇಕೆಂದರೆ 1966ರ ‘ಟಾಕಿಂಗ್ ಟು ಎ ಸ್ಟ್ರೇಂಜರ್’. ಜಾನ್ ಹಾಪ್ಕಿನ್ಸ್ ಬರೆದದ್ದು. ಕಪ್ಪು ಬಿಳುಪು, ನಾಲ್ಕು ಭಾಗ. ಒಂದೇ ಕುಟುಂಬ, ಒಂದೇ ವಾರಾಂತ್ಯ, ಮಗಳು, ಅಪ್ಪ, ಮಗ, ಅಮ್ಮ ಒಬ್ಬೊಬ್ಬರ ಕಡೆಯಿಂದ. ಮಗಳ ಪಾತ್ರದಲ್ಲಿ ಇನ್ನೂ ಹರೆಯದ ಜೂಡಿ ಡೆಂಚ್. ಕೀತ್‌ನ ಕಥೆಯಲ್ಲಿ ಒಬ್ಬನೇ ಮಾತಾಡುತ್ತಾನೆ, ಕೇಳುವವರಿಲ್ಲ. ಇಲ್ಲಿ ಮನೆ ತುಂಬ ಜನ ಇದ್ದಾರೆ, ಎಲ್ಲರೂ ಮಾತಾಡುತ್ತಾರೆ, ಆದರೂ ಕೇಳುವವರಿಲ್ಲ. ಒಂದೇ ದಿನ ಎರಡು ಭಾಗ ನೋಡಬೇಡಿ. ನಾನು ನೋಡಿ ಒಂದು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೇನೆ.

ಕೊನೆಗೆ ನಿಮ್ಮ ಯಜಮಾನರ ವಿಷಯ. ಅವರನ್ನು ಮತ್ತೆ ಕೂರಿಸಬೇಕೆಂದರೆ ಮೊದಲ ಕಂತನ್ನೇ ಹಾಕಿ, ಆದರೆ ಟಿವಿಯ ದನಿ ಪೂರ್ತಿ ಮುಚ್ಚಿಬಿಡಿ. ನಾನು ವಿದ್ಯಾರ್ಥಿಗಳಿಗೆ ಹೀಗೇ ಮಾಡಿಸುತ್ತೇನೆ. ಮಾತು ಕೇಳಿಸದಿದ್ದರೆ ಆ ಹೊಗಳಿಕೆ, ಆ ತಮಾಷೆ ಯಾವುದೂ ಅಡ್ಡ ಬರುವುದಿಲ್ಲ. ಸ್ಟೇರಿಂಗ್ ಹಿಡಿದು ಕೂತ ಒಬ್ಬ ಮನುಷ್ಯ, ಅವನ ಪಕ್ಕದ ಖಾಲಿ ಸೀಟು, ಆಗಾಗ ರಸ್ತೆ ಕಡೆ ತಿರುಗುವ ಅವನ ಮುಖ. ನೋಡಿ ಆದ ಮೇಲೆ, ಇವನು ಏನು ಹೇಳುತ್ತಿದ್ದಾನೆ ಅಂತ ಯಜಮಾನರನ್ನು ಕೇಳಿ. ಅವರು ಪೆದ್ದ ಅನ್ನುವುದಿಲ್ಲ ಅಂತ ನನ್ನ ಅಂದಾಜು. ಅಂದರೂ ಹೋಗಲಿ ಬಿಡಿ, ಹತ್ತೇ ನಿಮಿಷ ತಾನೇ.